ಹಾಜರಿ ಪುಸ್ತಕದ ಖಾಲಿ ಸಾಲುಗಳು: ಗುಳೆ ಹೋದ ಮನೆಗಳು ಮತ್ತು ನಮ್ಮ ಶಾಲೆ

ನಮ್ಮ ಸರ್ಕಾರಿ ಪ್ರೌಢಶಾಲೆ ಐವತ್ತು ವರ್ಷ ಪೂರೈಸಿದೆ. ಸ್ಮರಣ ಸಂಚಿಕೆಗೆ ಲೇಖನ ಬೇಕೆಂದು ಸಂಪಾದಕ ಮಂಡಳಿಯ ಗೆಳೆಯರು ಕೇಳಿದಾಗ ನಾನು ಒಂದು ಮಾತು ಹೇಳಿದೆ. ಈ ಶಾಲೆಯಲ್ಲಿ ಓದಿ ಹೆಸರು ಮಾಡಿದವರ ಬಗ್ಗೆ ಬರೆಯುವವರು ಬಹಳ ಜನ ಇದ್ದಾರೆ. ನಾನು ಓದು ನಡೆದಿರುವಾಗಲೇ ಎದ್ದು ಹೋದವರ ಬಗ್ಗೆ ಬರೆಯುತ್ತೇನೆ. ಅವರು ಒಪ್ಪಿದರು. ಅದಕ್ಕಾಗಿ ಅವರಿಗೆ ಕೃತಜ್ಞತೆ.

ನಾನು ಈ ಶಾಲೆಯ ಮೊದಲ ವರ್ಷಗಳ ವಿದ್ಯಾರ್ಥಿ. ಮುಂದೆ ಸಮಾಜ ವಿಜ್ಞಾನದ ಶಿಕ್ಷಕನಾಗಿ ಸೇಡಂ, ಚಿತ್ತಾಪುರ, ಚಿಂಚೋಳಿ ತಾಲ್ಲೂಕುಗಳ ಹಳ್ಳಿಗಳಲ್ಲಿ ಕೆಲಸ ಮಾಡಿ ನಿವೃತ್ತನಾದೆ. ಊರು ಯಾವುದೇ ಇರಲಿ, ಹಾಜರಿ ಪುಸ್ತಕದ ನಡತೆ ಒಂದೇ ಇತ್ತು. ಜೂನ್‌ನಲ್ಲಿ ಹೆಸರು ತುಂಬಿರುತ್ತಿತ್ತು. ದೀಪಾವಳಿ ಮುಗಿದ ಮೇಲೆ ಕೆಲವು ಹೆಸರು ಕರೆದರೆ ಉತ್ತರ ಬರುತ್ತಿರಲಿಲ್ಲ. ಪಕ್ಕದ ಹುಡುಗ ಎದ್ದು ನಿಂತು, "ಅವರ ಮನಿಯವ್ರು ದುಡಿಯಾಕ ಹೋಗ್ಯಾರ್ರಿ ಸರ" ಎಂದು ಹೇಳುತ್ತಿದ್ದ. ಆ ಸಾಲು ಯುಗಾದಿಯವರೆಗೆ, ಕೆಲವೊಮ್ಮೆ ಕಾರ ಹುಣ್ಣಿಮೆಯವರೆಗೆ ಖಾಲಿಯೇ ಉಳಿಯುತ್ತಿತ್ತು. ನಮ್ಮ ಭಾಗದ ಶಾಲೆಗಳ ಚರಿತ್ರೆ ಬರೆಯುವಾಗ ತುಂಬಿದ ಸಾಲುಗಳ ಜೊತೆಗೆ ಈ ಖಾಲಿ ಸಾಲುಗಳನ್ನೂ ಓದಬೇಕು ಎಂಬುದು ನನ್ನ ಅಭಿಪ್ರಾಯ.

ಜಾತ್ರೆಯ ಗೈರು, ಗುಳೆಯ ಗೈರು

ಮಕ್ಕಳನ್ನು ಶಾಲೆ ಬಿಡಿಸಿ ಊರಿಂದ ಊರಿಗೆ ಕರೆದುಕೊಂಡು ಹೋಗುವುದರಲ್ಲಿ ಎರಡು ಬಗೆ ಇವೆ. ಎರಡನ್ನೂ ಒಂದೇ ಎಂದು ತಿಳಿದರೆ ಲೆಕ್ಕ ತಪ್ಪುತ್ತದೆ.

ಮೊದಲನೆಯದು ಹಬ್ಬ, ಜಾತ್ರೆ, ಮದುವೆ, ಹರಕೆಯ ಪ್ರಯಾಣ. ಆಷಾಢ ಏಕಾದಶಿಗೆ ಪಂಢರಪುರ, ಸಂಕ್ರಾಂತಿಗೆ ಮೈಲಾಪುರದ ಮೈಲಾರಲಿಂಗ, ಹೋಳಿ ಹುಣ್ಣಿಮೆ ಕಳೆದ ಮೇಲೆ ಕಲಬುರಗಿಯ ಶರಣಬಸವೇಶ್ವರ ತೇರು, ಬಂದೇನವಾಜರ ಉರುಸು. ತಾಂಡಾಗಳ ಬಂಜಾರ ಕುಟುಂಬಗಳು ರಾಮನವಮಿಗೆ ಮಹಾರಾಷ್ಟ್ರದ ಪೋಹರಾದೇವಿಗೆ ಹೋಗುತ್ತವೆ. ಅದು ಬಹುಪಾಲು ಪರೀಕ್ಷೆಯ ದಿನಗಳಿಗೇ ಬರುತ್ತದೆ. ಎಳ್ಳಮಾವಾಸ್ಯೆಯ ದಿನವಂತೂ ಹೊಲದಲ್ಲಿ ಚರಗ ಚೆಲ್ಲಿ, ಸಜ್ಜಿ ರೊಟ್ಟಿ, ಭಜ್ಜಿ ಉಣ್ಣದೆ ಶಾಲೆಗೆ ಬರುವ ಹುಡುಗ ನಮ್ಮ ಕಡೆ ಹುಟ್ಟೇ ಇಲ್ಲ. ಈ ಗೈರುಗಳಿಗೆ ನಮ್ಮ ಹಿರಿಯ ಮಾಸ್ತರರು ಗದರುತ್ತಿದ್ದರು, ಆದರೆ ಹೆದರುತ್ತಿರಲಿಲ್ಲ. ಎರಡು ದಿನಕ್ಕೋ ಎಂಟು ದಿನಕ್ಕೋ ಹುಡುಗ ಪ್ರಸಾದದ ಪೊಟ್ಟಣ ಹಿಡಿದು ಮರಳಿ ಬರುತ್ತಿದ್ದ. ಬಿಟ್ಟುಹೋದ ಪಾಠವನ್ನು ಗೆಳೆಯನ ನೋಟುಬುಕ್ಕಿನಿಂದ ಬರೆದುಕೊಂಡರೆ ಮುಗಿಯಿತು.

ಎರಡನೆಯದು ಗುಳೆ. ಇದು ದುಡಿಮೆಗಾಗಿ ಇಡೀ ಮನೆಯೇ ಎದ್ದು ಹೋಗುವ ಪ್ರಯಾಣ. ಇದು ದಿನಗಳ ಲೆಕ್ಕದ್ದಲ್ಲ, ತಿಂಗಳುಗಳ ಲೆಕ್ಕದ್ದು. ಹೋದ ಹುಡುಗ ಮರಳಿದಾಗ ತರಗತಿ ಅರ್ಧ ಪುಸ್ತಕ ಮುಂದೆ ಹೋಗಿರುತ್ತದೆ. ಒಂದು ವರ್ಷ ಹೀಗಾದರೆ ಹೇಗೋ ಸರಿದೂಗಿಸಬಹುದು. ಎರಡು ವರ್ಷವಾದರೆ ಅವನು ತನಗಿಂತ ಚಿಕ್ಕವರ ಜೊತೆ ಕೂಡಲು ನಾಚುತ್ತಾನೆ. ಮೂರನೆಯ ವರ್ಷ ಬರುವುದೇ ಇಲ್ಲ. ನಾನು ಇಲ್ಲಿ ಬರೆಯುತ್ತಿರುವುದು ಈ ಎರಡನೆಯ ಪ್ರಯಾಣದ ಕುರಿತು.

ಶಾಲೆ ಹುಡುಕಿ ಹೋದ ಕಾಲ

ನಮ್ಮ ನೆಲ ಅಕ್ಷರಕ್ಕೆ ಹೊಸದಲ್ಲ. ಸೇಡಂ ತಾಲ್ಲೂಕಿನ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ಕನ್ನಡದಲ್ಲಿ ನಮಗೆ ಸಿಕ್ಕಿರುವ ಮೊದಲ ಗ್ರಂಥವಾದ ಕವಿರಾಜಮಾರ್ಗ 9ನೆಯ ಶತಮಾನದಲ್ಲಿ ನೃಪತುಂಗನ ಆಸ್ಥಾನದಲ್ಲಿ ರೂಪುಗೊಂಡಿತು. ಚಿತ್ತಾಪುರ ತಾಲ್ಲೂಕಿನ ಸನ್ನತಿ, ಕನಗನಹಳ್ಳಿಗಳ ಬೌದ್ಧ ಅವಶೇಷಗಳು ಅದಕ್ಕೂ ಬಹಳ ಹಿಂದಿನವು. ಇಂಥ ನೆಲದಲ್ಲಿಯೇ 2011ರ ಜನಗಣತಿ ಹೊತ್ತಿಗೆ ಜಿಲ್ಲೆಯ ಸಾಕ್ಷರತೆ ಶೇ 64.85 ಇತ್ತು, ರಾಜ್ಯದ ಸರಾಸರಿ ಶೇ 75.36. ನಡುವೆ ಏನಾಯಿತು ಎಂಬುದನ್ನು ತಿಳಿಯದೆ ಇಂದಿನ ತಂದೆ ತಾಯಿಗಳನ್ನು ಬೈಯುವುದು ಸರಿಯಲ್ಲ.

ನಿಜಾಮರ ಆಳ್ವಿಕೆಯಲ್ಲಿ ಮೇಲಿನ ತರಗತಿಗಳ ಓದು ಉರ್ದುವಿನಲ್ಲಿತ್ತು. ಕನ್ನಡದ ಮಕ್ಕಳಿಗೆ ಮನೆಮಾತು ಒಂದು, ಪುಸ್ತಕದ ಮಾತು ಇನ್ನೊಂದು. ಹಳ್ಳಿಗಳಲ್ಲಿ ಶಾಲೆಗಳೇ ವಿರಳ. ಕಲಬುರಗಿಯಲ್ಲಿ 1907ರಲ್ಲಿ ಆರಂಭವಾದ ನೂತನ ವಿದ್ಯಾಲಯದಂಥ ಸಂಸ್ಥೆಗಳು ಬೆರಳೆಣಿಕೆಯಷ್ಟೇ ಇದ್ದವು. ಓದಬೇಕೆನ್ನುವವರು ಊರು ಬಿಟ್ಟು, ನೆಂಟರ ಮನೆಯಲ್ಲೋ ಮಠದಲ್ಲೋ ಉಳಿದು ಓದುತ್ತಿದ್ದರು. ಅಂದರೆ ಆ ಕಾಲದಲ್ಲಿ ಶಾಲೆ ಹುಡುಕಿಕೊಂಡು ಪ್ರಯಾಣ ಮಾಡಬೇಕಿತ್ತು. 1948ರ ಸೆಪ್ಟೆಂಬರ್ 17ರಂದು ಹೈದರಾಬಾದ್ ಸಂಸ್ಥಾನ ವಿಮೋಚನೆಯಾಯಿತು. 1956ರ ನವೆಂಬರ್ 1ರಂದು ನಾವು ವಿಶಾಲ ಮೈಸೂರು ರಾಜ್ಯ ಸೇರಿದೆವು. ಆಮೇಲೆ ನಿಧಾನವಾಗಿ ಹಳ್ಳಿಗಳಿಗೆ ಕನ್ನಡ ಶಾಲೆ ಬಂತು. ನಮ್ಮ ಪ್ರೌಢಶಾಲೆ ಬಂದದ್ದು ಇನ್ನೂ ತಡವಾಗಿ. ಶಾಲೆ ಊರಿಗೆ ಬರುವ ಹೊತ್ತಿಗೆ ಊರಿನ ಅರ್ಧ ಜನಕ್ಕೆ ಊರು ಬಿಡುವ ಕಾಲ ಬಂದಿತ್ತು.

ಕಲ್ಲು, ರೈಲು, ಬರ

ಊರು ಬಿಡಲು ದಾರಿ ಮೊದಲೇ ತೆರೆದಿತ್ತು. ಮುಂಬೈಯಿಂದ ಬಂದ ರೈಲು ಮಾರ್ಗ 1871ರಲ್ಲಿ ರಾಯಚೂರು ಮುಟ್ಟಿ ಮದ್ರಾಸಿನ ಮಾರ್ಗಕ್ಕೆ ಕೂಡಿತು. ಶಹಾಬಾದ, ವಾಡಿ ಆ ಮಾರ್ಗದ ಮೇಲಿವೆ. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಬಂತು. ಅದು ಚಿತ್ತಾಪುರ, ಮಳಖೇಡ, ಸೇಡಂ ದಾಟಿ ತಾಂಡೂರಿಗೆ ಹೋಗುತ್ತದೆ. ಹೀಗೆ ವಾಡಿ ಜಂಕ್ಷನ್ನಿನಲ್ಲಿ ನಿಂತವನಿಗೆ ಒಂದು ಕಡೆ ಮುಂಬೈ, ಇನ್ನೊಂದು ಕಡೆ ಹೈದರಾಬಾದ್. ಚಿಂಚೋಳಿಗೆ ರೈಲು ಇಲ್ಲ. ಅಲ್ಲಿಯ ಜನ ತಾಂಡೂರಿಗೋ ಜಹೀರಾಬಾದಿಗೋ ಬಸ್ಸು ಹಿಡಿದು ಹೊರಡುತ್ತಾರೆ.

ಈ ರೈಲಿನಲ್ಲಿ ಮೊದಲು ಹೋದದ್ದು ನಮ್ಮ ಕಲ್ಲು. ಶಹಾಬಾದದ ಪರ್ಸಿ ಕಲ್ಲು ದೇಶದ ಎಷ್ಟೋ ನಗರಗಳ ಮನೆ, ಅಂಗಳ, ಪ್ಲಾಟ್‌ಫಾರ್ಮುಗಳ ನೆಲವಾಯಿತು. ಆಮೇಲೆ ಸಿಮೆಂಟು. ಶಹಾಬಾದದ ಸಿಮೆಂಟ್ ಕಂಪನಿ 1936ರಲ್ಲಿ ಎ.ಸಿ.ಸಿ. ರೂಪುಗೊಂಡಾಗ ಅದರಲ್ಲಿ ಸೇರಿದ ಕಂಪನಿಗಳಲ್ಲಿ ಒಂದು. 60ರ ದಶಕದಲ್ಲಿ ವಾಡಿಗೂ, 80ರ ದಶಕದಲ್ಲಿ ಸೇಡಂ ಮತ್ತು ಮಳಖೇಡಕ್ಕೂ ದೊಡ್ಡ ಕಾರ್ಖಾನೆಗಳು ಬಂದವು. ಕೆಲವರಿಗೆ ಕಾಯಂ ನೌಕರಿ ಸಿಕ್ಕಿತು. ಅವರ ಮಕ್ಕಳ ಹಾಜರಿ ವರ್ಷವಿಡೀ ತುಂಬಿರುತ್ತಿತ್ತು. ತಿಂಗಳ ಪಗಾರ ಇರುವ ಮನೆಯ ಮಗು ಶಾಲೆ ತಪ್ಪಿಸುವುದಿಲ್ಲ ಎಂಬ ಸಂಗತಿಯನ್ನು ನಾನು ಕಲಿತದ್ದು ವಾಡಿ ಕಡೆಯ ತರಗತಿಗಳಲ್ಲಿ. ಉಳಿದ ಹಳ್ಳಿಗಳ ಬಡವರು ನಮ್ಮದೇ ಸಿಮೆಂಟನ್ನು ಮುಂಬೈ, ಪುಣೆ, ಹೈದರಾಬಾದುಗಳಲ್ಲಿ ತಲೆಯ ಮೇಲೆ ಹೊತ್ತು ದುಡಿದರು.

ನಮ್ಮ ಒಕ್ಕಲುತನ ಮಳೆ ನಂಬಿದ್ದು. ಜೂನ್ ಜುಲೈನಲ್ಲಿ ತೊಗರಿ, ಹೆಸರು, ಉದ್ದು ಬಿತ್ತುತ್ತೇವೆ. ಹೆಸರು ಬಿಡಿಸುವ ದಿನಗಳಲ್ಲಿ ಮಕ್ಕಳೂ ಹೊಲದಲ್ಲಿರುತ್ತಾರೆ. ಡಿಸೆಂಬರ್ ಜನವರಿಯಲ್ಲಿ ತೊಗರಿ ರಾಶಿ. ಕಲಬುರಗಿ ತೊಗರಿಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು, ಹೆಮ್ಮೆಯ ಮಾತು. ಆದರೆ ಹೊಲವಿಲ್ಲದವರಿಗೆ ರಾಶಿ ಮುಗಿದ ಮೇಲೆ ಕೆಲಸವಿಲ್ಲ. ಮಳೆ ಕೈಕೊಟ್ಟ ವರ್ಷ ರಾಶಿಯೂ ಇಲ್ಲ. 1972ರ ಬರವನ್ನು ಕಂಡ ಹಿರಿಯರು ಇನ್ನೂ ನಮ್ಮ ನಡುವೆ ಇದ್ದಾರೆ. ಮನೆಗೆ ಬೀಗ ಹಾಕಿ, ಬಾಗಿಲಿಗೆ ಮುಳ್ಳುಕಂಟಿ ಇಟ್ಟು ಬೊಂಬಾಯಿ ರೈಲು ಹತ್ತಿದವರ ಕತೆಗಳನ್ನು ಕೇಳಿಯೇ ನಾವು ಬೆಳೆದೆವು. ಬರ ಮುಗಿಯಿತು, ದಾರಿ ಮಾತ್ರ ಉಳಿಯಿತು. ಒಮ್ಮೆ ಹೋದವರು ಮರುವರ್ಷ ನೆರೆಯವರನ್ನೂ ಕರೆದುಕೊಂಡು ಹೋದರು. ತಾಂಡಾಗಳಲ್ಲಿ ಇದು ಪ್ರತಿ ವರ್ಷದ ಕ್ರಮವೇ ಆಯಿತು. ದಸರಾ ದೀಪಾವಳಿ ಹೊತ್ತಿಗೆ ಮೇಸ್ತ್ರಿ ಬಂದು ಮುಂಗಡ ಹಣ ಕೊಡುತ್ತಾನೆ. ಆ ಹಣ ಸಾಲಕ್ಕೋ ಮದುವೆಗೋ ಖರ್ಚಾಗುತ್ತದೆ. ಹಣ ತೆಗೆದುಕೊಂಡ ಮೇಲೆ ಹೋಗದೆ ಗತಿಯಿಲ್ಲ. ಮಹಾರಾಷ್ಟ್ರದ ಕಬ್ಬಿನ ಗದ್ದೆಗಳಲ್ಲಿ ಗಂಡ ಹೆಂಡತಿ ಸೇರಿ ಒಂದು ಕೋಯ್ತಾ ಎಂದು ಲೆಕ್ಕ. ತಾಯಿ ಮನೆಯಲ್ಲಿ ಉಳಿಯುವ ಪ್ರಶ್ನೆಯೇ ಬರುವುದಿಲ್ಲ.

2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ರಾಜ್ಯದ ಅತ್ಯಂತ ಹಿಂದುಳಿದ ತಾಲ್ಲೂಕುಗಳ ಪಟ್ಟಿ ಕೊಟ್ಟಿತು. ಸೇಡಂ, ಚಿತ್ತಾಪುರ, ಚಿಂಚೋಳಿ ಮೂರೂ ಅದರಲ್ಲಿದ್ದವು. ಆಗ ಶಹಾಬಾದ, ವಾಡಿಗಳೂ ಚಿತ್ತಾಪುರ ತಾಲ್ಲೂಕಿನವೇ. ಕಲ್ಲು, ಸಿಮೆಂಟು, ತೊಗರಿ, ರೈಲು ಎಲ್ಲ ಇದ್ದೂ ಹಿಂದುಳಿದ ನಾಡು ನಮ್ಮದು.

ಯಾರ ಬಲ್ಲಿ ಬಿಟ್ಟು ಹೋಗಬೇಕು?

ದಸರಾ ರಜೆ ಮುಗಿದ ಮೇಲೆ ನಾವು ಶಿಕ್ಷಕರು ಮನೆಮನೆಗೆ ಹೋಗುತ್ತಿದ್ದೆವು. ಚಿಂಚೋಳಿ ಕಡೆಯ ಒಂದು ತಾಂಡಾದಲ್ಲಿ ಗಂಟು ಕಟ್ಟುತ್ತಿದ್ದ ತಾಯಿಯೊಬ್ಬಳಿಗೆ, "ಯವ್ವಾ, ಹುಡುಗಿ ಶಾಣೇಕಿ ಇದ್ದಾಳ, ಇಲ್ಲೇ ಬಿಟ್ಟು ಹೋಗು" ಎಂದೆ. ಆಕೆ ಕೈಯ ಕೆಲಸ ಬಿಡದೆ ಹೇಳಿದಳು: "ನೀವು ಹೇಳೂದು ಖರೆ ಅದರಿ ಸರ. ಮತ್ತ ಹುಡುಗಿಗಿ ಯಾರ ಬಲ್ಲಿ ಬಿಟ್ಟು ಹೋಗಬೇಕ್ರಿ?" ನನ್ನ ಇಡೀ ಸೇವಾವಧಿಯಲ್ಲಿ ಈ ವಿಷಯದ ಬಗ್ಗೆ ಕೇಳಿದ ಮಾತುಗಳಲ್ಲಿ ಇದಕ್ಕಿಂತ ಸರಿಯಾದ ಮಾತು ಇನ್ನೊಂದಿಲ್ಲ.

ಆಮೇಲೆ ನಾನು ಗಮನಿಸುತ್ತ ಬಂದೆ. ಗುಳೆ ಹೋದ ಮನೆಗಳಲ್ಲಿಯೂ ಕೆಲವು ಮಕ್ಕಳು ಓದು ಮುಂದುವರಿಸುತ್ತಿದ್ದರು. ಅವರು ಉಳಿದವರಿಗಿಂತ ಜಾಣರೇನಲ್ಲ. ಅವರ ತಂದೆ ತಾಯಿಗೆ ಓದಿನ ಮೇಲೆ ಹೆಚ್ಚು ಪ್ರೀತಿ ಇತ್ತು ಎಂದೂ ಹೇಳಲಾರೆ. ಅವರ ಮನೆಯಲ್ಲಿ ಒಬ್ಬ ಆಯಿ ಇದ್ದಳು, ಅಥವಾ ಮುತ್ಯಾ ಇದ್ದ, ಅಥವಾ ಅದೇ ಊರಲ್ಲಿ ಸೋದರಮಾವನ ಮನೆ ಇತ್ತು. ಸಂಜೆ ರೊಟ್ಟಿ ಬಡಿದು ಕೊಡುವ ಕೈ ಒಂದಿದ್ದರೆ ಮಗು ಶಾಲೆಯಲ್ಲಿ ಉಳಿಯುತ್ತಿತ್ತು. ನಮ್ಮ ಶಾಲೆಯ ಎಷ್ಟೋ ಹಳೆಯ ವಿದ್ಯಾರ್ಥಿಗಳು ಎಸ್ಸೆಸ್ಸೆಲ್ಸಿ ಮುಗಿಸಿದ್ದು ಕಣ್ಣು ಮಂಜಾದ ಅಜ್ಜಿಯರ ಆಸರೆಯಲ್ಲಿ. ಸಂಚಿಕೆಯಲ್ಲಿ ದಾನಿಗಳ ಭಾವಚಿತ್ರ ಹಾಕುತ್ತೇವೆ. ಆ ಅಜ್ಜಿಯರದೂ ದಾನವೇ.

ಹೆಣ್ಣುಮಕ್ಕಳ ವಿಷಯ ಬೇರೆ. ಗಂಡು ಹುಡುಗನನ್ನು ಅಜ್ಜಿಯ ಬಳಿ ಬಿಡುವ ಮನೆಯವರೂ ದೊಡ್ಡವಳಾದ ಹುಡುಗಿಯನ್ನು ಬಿಡಲು ಹೆದರುತ್ತಾರೆ. ಕರೆದುಕೊಂಡು ಹೋದರೆ ಚಿಕ್ಕ ತಮ್ಮ ತಂಗಿಯರನ್ನು ನೋಡಿಕೊಳ್ಳಲು ಕೈಯೂ ಆಗುತ್ತದೆ. ಹೀಗಾಗಿ ಎಂಟನೆಯ ತರಗತಿಯಲ್ಲಿ ಸರಿಯಾಗಿದ್ದ ಹುಡುಗಿಯರ ಸಂಖ್ಯೆ ಹತ್ತನೆಯ ತರಗತಿಗೆ ಬರುವಷ್ಟರಲ್ಲಿ ಕರಗುವುದನ್ನು ಪ್ರತಿ ಊರಲ್ಲೂ ಕಂಡಿದ್ದೇನೆ. ಕೆಲವರು ಊರಿಗೆ ಮರಳುವಾಗ ಕೊರಳಲ್ಲಿ ತಾಳಿ ಇರುತ್ತಿತ್ತು.

ಹೋದ ಊರಲ್ಲಿ ಓದಿಸಬಾರದೇ ಎಂದು ಕೇಳುವವರಿದ್ದಾರೆ. ಸೊಲ್ಲಾಪುರ, ಅಕ್ಕಲಕೋಟೆ ಕಡೆ ಕನ್ನಡ ಶಾಲೆಗಳಿವೆ. ಮುಂಬೈ ಮಹಾನಗರಪಾಲಿಕೆಯೂ ಕನ್ನಡ ಶಾಲೆ ನಡೆಸಿದೆ. ಅಲ್ಲಿ ನೆಲೆ ನಿಂತವರಿಗೆ ಅದು ಅನುಕೂಲವಾಯಿತು. ಆದರೆ ಕಟ್ಟಡ ಕೆಲಸದವರು ಒಂದು ಕಡೆ ನಿಲ್ಲುವವರಲ್ಲ. ಕಟ್ಟಡ ಮುಗಿದರೆ ತಗಡಿನ ಶೆಡ್ಡು ಕಿತ್ತು ಇನ್ನೊಂದು ಕಡೆಗೆ. ಪುಣೆಯಲ್ಲಿ ಮರಾಠಿ, ಹೈದರಾಬಾದಿನಲ್ಲಿ ತೆಲುಗು. ಮನೆಯಲ್ಲಿ ಲಂಬಾಣಿ ಆಡುವ ತಾಂಡಾದ ಮಗುವಿಗೆ ಕನ್ನಡವೇ ಎರಡನೆಯ ಭಾಷೆ. ಅದನ್ನು ಕಲಿಯುವಷ್ಟರಲ್ಲಿ ಮೂರನೆಯದು ಎದುರಿಗೆ ಬಂದು ನಿಲ್ಲುತ್ತದೆ. ಟಿ.ಸಿ. ಇಲ್ಲದೆ ಸೇರಿಸಿಕೊಳ್ಳುವುದಿಲ್ಲ ಎಂಬ ಮಾತು ಕೇಳಿ ಬಾಗಿಲಿಂದಲೇ ಮರಳಿದವರೂ ಉಂಟು.

ಕಾನೂನು ಏನು ಮಾಡಿತು

ನಮ್ಮ ರಾಜ್ಯದಲ್ಲಿ ಕಡ್ಡಾಯ ಪ್ರಾಥಮಿಕ ಶಿಕ್ಷಣದ ಕಾಯ್ದೆ 1961ರಲ್ಲಿಯೇ ಬಂತು. ಮಗುವನ್ನು ಶಾಲೆಗೆ ಕಳಿಸುವುದು ಪಾಲಕರ ಹೊಣೆ ಎಂದು ಅದು ಹೇಳಿತು. ಆದರೆ ಹೊಟ್ಟೆಗಾಗಿ ಊರು ಬಿಟ್ಟವರ ಮೇಲೆ ಆ ಹೊಣೆಯನ್ನು ಹೇರಿ ಪ್ರಯೋಜನವಿರಲಿಲ್ಲ.

ಬದಲಾವಣೆ ತಂದದ್ದು ಕೆಲವು ಸರಳ ಏರ್ಪಾಡುಗಳು. 2002ರ ಜೂನ್‌ನಲ್ಲಿ ಅಕ್ಷರ ದಾಸೋಹ ಮೊದಲು ಆರಂಭವಾದದ್ದು ನಮ್ಮದೂ ಸೇರಿದಂತೆ ಏಳು ಜಿಲ್ಲೆಗಳಲ್ಲಿ. ಮಧ್ಯಾಹ್ನದ ಬಿಸಿಯೂಟ ಬಂದ ಮೇಲೆ ಅಜ್ಜಿಯ ಭಾರ ಅರ್ಧ ಇಳಿಯಿತು. ಎರಡು ಹೊತ್ತಿನ ಬದಲು ಒಂದು ಹೊತ್ತಿನ ರೊಟ್ಟಿ ನೋಡಿಕೊಂಡರೆ ಸಾಕಾಯಿತು. ಮುಂದೆ ಅದು ಪ್ರೌಢಶಾಲೆಗೂ ಬಂತು. 2006ರ ಫೆಬ್ರುವರಿಯಲ್ಲಿ ಉದ್ಯೋಗ ಖಾತ್ರಿ ಯೋಜನೆ ಮೊದಲ ಹಂತದಲ್ಲೇ ನಮ್ಮ ಜಿಲ್ಲೆಗೆ ಬಂತು. ವರ್ಷಕ್ಕೆ 100 ದಿನದ ಕೆಲಸ ಊರಲ್ಲೇ ಎಂಬ ಭರವಸೆ. ಪಂಚಾಯಿತಿ ಚುರುಕಾಗಿ ಕೆಲಸ ಕೊಟ್ಟ ಊರಲ್ಲಿ ಕೆಲವು ಮನೆಗಳು ಹೊರಡುವುದನ್ನು ನಿಲ್ಲಿಸಿದವು. ಕೂಲಿ ತಡವಾದ ಕಡೆ ಮತ್ತೆ ಮೇಸ್ತ್ರಿಯ ಮುಂಗಡವೇ ಗತಿಯಾಯಿತು. 2006-07ರಲ್ಲಿ ಎಂಟನೆಯ ತರಗತಿಯವರಿಗೆ ಸೈಕಲ್ ಬಂದವು. ತಾಂಡಾದಿಂದ ಬರುವ ಹುಡುಗಿಯರಿಗೆ ದಾರಿ ಹತ್ತಿರವಾಯಿತು. ಸರ್ವ ಶಿಕ್ಷಣ ಅಭಿಯಾನದ ಕಾಲದಲ್ಲಿ ಟೆಂಟ್ ಶಾಲೆ, ಚಿನ್ನರ ಅಂಗಳ, ಗುಳೆ ಹೋದವರ ಮಕ್ಕಳಿಗೆ ಋತುಮಾನದ ವಸತಿ ಶಾಲೆ, ಹೆಣ್ಣುಮಕ್ಕಳಿಗೆ ಕಸ್ತೂರಬಾ ಬಾಲಿಕಾ ವಿದ್ಯಾಲಯಗಳು ಬಂದವು. ಇವೆಲ್ಲ ಆ ತಾಯಿಯ ಪ್ರಶ್ನೆಗೆ ಒಂದಿಷ್ಟಾದರೂ ಉತ್ತರ ಕೊಟ್ಟವು.

2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆ ಗುಳೆಯ ಮಕ್ಕಳನ್ನು ನೇರವಾಗಿ ನೆನೆಯಿತು. ವಲಸೆ ಕುಟುಂಬದ ಮಕ್ಕಳನ್ನು ದಾಖಲು ಮಾಡಿಕೊಳ್ಳುವುದು ಸ್ಥಳೀಯ ಆಡಳಿತದ ಕರ್ತವ್ಯ ಎಂದಿತು. ಟಿ.ಸಿ. ತಡವಾಯಿತು ಎಂಬ ಕಾರಣಕ್ಕೆ ಮಗುವನ್ನು ಹೊರಗೆ ನಿಲ್ಲಿಸುವಂತಿಲ್ಲ ಎಂದಿತು. ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿ ವಿಶೇಷ ತರಬೇತಿ ಕೊಡಬೇಕೆಂದಿತು. 2013ರಲ್ಲಿ ಶಾಲೆ ಬಿಟ್ಟ ಮಕ್ಕಳ ಬಗ್ಗೆ ಬಂದ ಪತ್ರಿಕಾ ವರದಿಯನ್ನು ಆಧರಿಸಿ ನಮ್ಮ ಹೈಕೋರ್ಟ್ ತಾನಾಗಿಯೇ ಪ್ರಕರಣ ಕೈಗೆತ್ತಿಕೊಂಡಿತು. ಅದುವರೆಗೆ 60 ದಿನ ಬಾರದ ಮಗುವನ್ನು ಶಾಲೆ ಬಿಟ್ಟ ಮಗು ಎನ್ನುತ್ತಿದ್ದರು. ಆಮೇಲೆ 7 ದಿನ ಸತತ ಗೈರಾದರೆ ವಿಚಾರಿಸಬೇಕೆಂಬ ನಿಯಮ ಬಂತು. ಇದು ಕಾಗದದ ಮೇಲಿನ ಸಣ್ಣ ತಿದ್ದುಪಡಿ ಎನಿಸಬಹುದು. ಆದರೆ 60 ದಿನ ಕಳೆಯುವಷ್ಟರಲ್ಲಿ ಮಗು ಪುಣೆಯಲ್ಲಿ ಮೂರನೆಯ ಕಟ್ಟಡದ ಕೆಳಗಿರುತ್ತದೆ. 7 ದಿನದಲ್ಲಾದರೆ ಯಾವ ಊರಿಗೆ ಹೋದರು ಎಂದು ಹೇಳುವವರು ಓಣಿಯಲ್ಲಿ ಇನ್ನೂ ಸಿಗುತ್ತಾರೆ.

ಒಂದು ಕೊರತೆ ಮಾತ್ರ ಉಳಿದಿದೆ, ಅದು ನಮ್ಮಂಥ ಪ್ರೌಢಶಾಲೆಗಳದೇ. ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದವರಿಗೆ, ಎಂಟನೆಯ ತರಗತಿಯವರೆಗೆ. 9 ಮತ್ತು 10ನೆಯ ತರಗತಿ ಅದರ ನೆರಳಿನಲ್ಲಿಲ್ಲ. ಅದೇ ಹೊತ್ತಿಗೆ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕೂಡಲು ಶೇ 75 ಹಾಜರಿ ಬೇಕು. ಹದಿನಾಲ್ಕು ತುಂಬಿದ ಹುಡುಗನ ಕೈ ದುಡಿಮೆಗೆ ಬರುವ ವಯಸ್ಸೂ ಅದೇ. ಕಾಯ್ದೆಯ ಆಸರೆ ಮುಗಿಯುವ ಜಾಗದಲ್ಲಿಯೇ ಮನೆಯ ಒತ್ತಡ ಹೆಚ್ಚುತ್ತದೆ. ನಮ್ಮ ಹಾಜರಿ ಪುಸ್ತಕದ ಖಾಲಿ ಸಾಲುಗಳು ಬಹುಪಾಲು ಇಲ್ಲಿಯವೇ.

ಎಲ್ಲರೂ ಮರಳಿ ಬಂದ ವರ್ಷ

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆದಾಗ ಗುಳೆ ಹೋದವರು ಸಿಕ್ಕ ವಾಹನ ಹತ್ತಿ, ಕೆಲವರು ನಡೆದು, ಊರಿಗೆ ಬಂದರು. ಅಷ್ಟು ಮನೆಗಳ ಬಾಗಿಲು ಒಟ್ಟಿಗೆ ತೆರೆದದ್ದನ್ನು ನಾನು ಅದಕ್ಕೂ ಮುಂಚೆ ಕಂಡಿರಲಿಲ್ಲ. ಮಕ್ಕಳು ಊರಲ್ಲಿದ್ದರು, ಶಾಲೆಗೆ ಬೀಗ ಬಿದ್ದಿತ್ತು. ಆಗಸ್ಟ್‌ನಲ್ಲಿ ವಿದ್ಯಾಗಮ ಬಂದಾಗ ಶಿಕ್ಷಕರು ಗುಡಿಯ ಕಟ್ಟೆ, ಮರದ ನೆರಳುಗಳಲ್ಲಿ ಪಾಠ ಮಾಡಿದರು. ಮೊಬೈಲ್ ಪಾಠ ಎಂಬುದು ಮೊಬೈಲ್ ಇದ್ದವರ ಪಾಠವಾಯಿತು. ಮತ್ತೆ ಶಾಲೆ ತೆರೆದಾಗ ಮೇಲಿನ ತರಗತಿಯ ಕೆಲವು ಹುಡುಗರು ದುಡಿಮೆಗೆ ಹೊಂದಿಕೊಂಡುಬಿಟ್ಟಿದ್ದರು. ಆ ವರ್ಷದ ಪಾಠವಿದು: ಮಗು ಊರಲ್ಲಿದ್ದ ಮಾತ್ರಕ್ಕೆ ಓದು ಉಳಿಯುವುದಿಲ್ಲ, ಶಾಲೆಯೂ ಅದರ ಕೈಹಿಡಿದಿರಬೇಕು.

ಮುಂದಿನ ಐವತ್ತು ವರ್ಷಕ್ಕೆ

ಪಾಲಕರಿಗೆ ತಿಳಿವಳಿಕೆ ಇಲ್ಲ ಎಂದು ಭಾಷಣ ಮಾಡುವುದು ಸುಲಭ. ಐವತ್ತು ವರ್ಷದ ಹಾಜರಿ ಪುಸ್ತಕ ಬೇರೆ ಮಾತು ಹೇಳುತ್ತದೆ. ಮಗುವನ್ನು ಬಿಟ್ಟು ಹೋಗಲು ನಂಬಿಕೆಯ ಜಾಗ ಸಿಕ್ಕಾಗಲೆಲ್ಲ ಜನ ಬಿಟ್ಟು ಹೋಗಿದ್ದಾರೆ. ಆದ್ದರಿಂದ ಸುವರ್ಣ ಮಹೋತ್ಸವದ ಈ ಹೊತ್ತಿನಲ್ಲಿ ಹಳೆಯ ವಿದ್ಯಾರ್ಥಿಗಳ ಮತ್ತು ಊರವರ ಮುಂದೆ ಮೂರು ಮಾತು ಇಡುತ್ತೇನೆ.

ಒಂದು, ಪ್ರತಿ ವರ್ಷ ದಸರಾ ರಜೆಗೆ ಮುಂಚೆಯೇ ಯಾವ ಮನೆಯವರು ಹೊರಡುತ್ತಾರೆ, ಎಲ್ಲಿಗೆ, ಮಗುವನ್ನು ನೋಡಿಕೊಳ್ಳುವವರು ಊರಲ್ಲಿ ಇದ್ದಾರೆಯೇ ಎಂಬ ಪಟ್ಟಿಯನ್ನು ಶಾಲಾಭಿವೃದ್ಧಿ ಸಮಿತಿ ಮಾಡಲಿ. ದೀಪಾವಳಿ ದಾಟಿದ ಮೇಲೆ ಮಾಡಿದ ಪಟ್ಟಿ ಬರೀ ಗೈರಿನ ಪಟ್ಟಿ.

ಎರಡು, ಯಾರೂ ಇಲ್ಲದ ಮಕ್ಕಳಿಗೆ, ಮುಖ್ಯವಾಗಿ 9 ಮತ್ತು 10ನೆಯ ತರಗತಿಯ ಹುಡುಗಿಯರಿಗೆ, ನವೆಂಬರ್‌ನಿಂದ ಪರೀಕ್ಷೆ ಮುಗಿಯುವವರೆಗೆ ಹತ್ತಿರದ ವಸತಿ ನಿಲಯಗಳಲ್ಲಿ ಜಾಗ ಕೊಡಿಸಲು ನಾವೆಲ್ಲ ಸೇರಿ ಇಲಾಖೆಯ ಬೆನ್ನು ಹತ್ತೋಣ. ಮಹೋತ್ಸವಕ್ಕೆಂದು ಕೂಡಿದ ಹಣದಲ್ಲಿ ಉಳಿದದ್ದು ಸ್ವಾಗತ ಕಮಾನಿಗೆ ಹೋಗುವ ಬದಲು ಅಜ್ಜಿ ಮನೆಯಲ್ಲಿ ಉಳಿದ ಮಕ್ಕಳ ಜೋಳ, ಎಣ್ಣೆ, ನೋಟುಬುಕ್ಕಿಗೆ ಹೋಗಲಿ.

ಮೂರು, ಮುಂಬೈ, ಪುಣೆ, ಹೈದರಾಬಾದ್, ಬೆಂಗಳೂರುಗಳಲ್ಲಿ ನೆಲೆಸಿರುವ ನಮ್ಮ ಹಳೆಯ ವಿದ್ಯಾರ್ಥಿಗಳು ತಮ್ಮ ಫೋನ್ ನಂಬರನ್ನು ಶಾಲೆಗೆ ಕೊಟ್ಟಿರಲಿ. ನಮ್ಮೂರಿನ ಒಂದು ಮನೆ ಆ ಊರಿಗೆ ಬಂದಿಳಿದರೆ, ಚಿಕ್ಕ ಮಕ್ಕಳನ್ನು ಅಲ್ಲಿಯ ಶಾಲೆಗೆ ಸೇರಿಸಲು ಭಾಷೆ ಬಲ್ಲ ಒಬ್ಬರು ಜೊತೆಗೆ ಹೋದರೆ ಸಾಕು, ಅರ್ಧ ಕೆಲಸ ಆಯಿತು.

ಈ ಶಾಲೆಯ ಗೋಡೆಗೆ ತಮ್ಮ ಹೆಸರು ಬರದೆ ಹೋದ ನನ್ನ ಸಹಪಾಠಿಗಳು, ನನ್ನ ವಿದ್ಯಾರ್ಥಿಗಳು ಎಷ್ಟೋ ಜನ. ಅವರೂ ಈ ಶಾಲೆಯವರೇ. ಮಹೋತ್ಸವದ ದಿನ ಊರಲ್ಲಿದ್ದರೆ ಅವರನ್ನೂ ಕರೆಯೋಣ. ಅವರ ಮಕ್ಕಳು, ಮೊಮ್ಮಕ್ಕಳು ಈಗ ಇದೇ ತರಗತಿಗಳಲ್ಲಿ ಕೂತಿದ್ದಾರೆ. ಮುಂದಿನ ದೀಪಾವಳಿ ಆದ ಮೇಲೂ ಅವರು ಅಲ್ಲಿಯೇ ಕೂತಿರಲಿ ಎಂದು ಹಾರೈಸುತ್ತೇನೆ. ಶಾಲೆಗೂ ಊರಿಗೂ ಶುಭವಾಗಲಿ.